ಪುಡಿಯ ಸಂತೆಗಾಗಿ ಹಾಲು ಕರೆಯಬೇಡ



ಬ್ಯಾಂಕಿನ ಸಾಲ ತೆಗೆದು ಹತ್ತು ಸೀಮೆಹಸು ಕಟ್ಟಲು ಹೊರಟಿದ್ದೀಯ. ಅಷ್ಟರಲ್ಲಿ ಯಾರೋ, ‘ಇನ್ನು ಹಾಲು ಕಾರ್ಖಾನೆಯಲ್ಲೇ ಆಗ್ತದಂತೆ, ಹಸು ಯಾಕೆ?’ ಎಂದು ತಲೆಯಲ್ಲಿ ಹುಳ ಬಿಟ್ಟಿದ್ದಾರೆ. ಸುದ್ದಿ ಪೂರಾ ಸುಳ್ಳಲ್ಲ. ಆದರೆ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ತಿಳಿದು ಹೆಜ್ಜೆ ಇಡು.

ಅಮೆರಿಕದ ಪರ್ಫೆಕ್ಟ್ ಡೇ ಕಂಪನಿ ಹಾಲಿನ ಪ್ರೋಟೀನಿನ ವಂಶವಾಹಿಯನ್ನು ಒಂದು ಬಗೆಯ ಶಿಲೀಂಧ್ರಕ್ಕೆ ಸೇರಿಸಿ, ಅದನ್ನು ತೊಟ್ಟಿಯಲ್ಲಿ ಸಕ್ಕರೆ ಉಣಿಸಿ ಬೆಳೆಸಿ, ಹಾಲೊಡಕಿನ ಪ್ರೋಟೀನ್ ತೆಗೆಯಿತು. 2019ರಲ್ಲೇ ಅದರ ಐಸ್‌ಕ್ರೀಮ್ ಮಾರಾಟಕ್ಕೆ ಬಂತು. ಅದು ಹಾಲಲ್ಲ, ಹಾಲಿನೊಳಗಿನ ಒಂದು ಅಂಶ ಅಷ್ಟೆ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು, ಪ್ರೋಟೀನ್ ಮೂರು ಚಿಲ್ಲರೆ. ಆ ಮೂರು ಚಿಲ್ಲರೆಯ ಮೇಲೆ ಅವರ ಕಣ್ಣು.

ಹಿಂದೆಯೂ ಹೀಗಾಗಿದೆ. ಚೀಸ್ ಮಾಡಲು ಹಾಲು ಒಡೆಸುವ ರೆನ್ನೆಟ್ಟನ್ನು ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಅದರ ಕಿಣ್ವವನ್ನು ಸೂಕ್ಷ್ಮಜೀವಿಗಳಿಂದ ಮಾಡಲು ಅಮೆರಿಕ 1990ರಲ್ಲಿ ಒಪ್ಪಿತು. ಇಂದು ಅಲ್ಲಿನ ಬಹುಪಾಲು ಚೀಸ್ ಆಗುವುದು ಅದರಿಂದಲೇ. ಕರುವಿನ ಹೊಟ್ಟೆಯ ವ್ಯಾಪಾರ ಅಲ್ಲಿ ಕುಗ್ಗಿತು, ಹಾಲಿನದು ಮುಳುಗಲಿಲ್ಲ.

ಹಾಗಾಗಿ ಮೊದಲ ಪೆಟ್ಟು ಬೀಳಬಹುದಾದದ್ದು ನಮ್ಮ ಕಾಫಿ ಲೋಟಕ್ಕಲ್ಲ, ಬಿಸ್ಕತ್ತು, ಚಾಕಲೇಟಿನ ಕಾರ್ಖಾನೆಗೆ ಹೋಗುವ ಹಾಲಿನ ಪುಡಿಗೆ. ಅದರ ಬಿಸಿ ನಿನಗೂ ತಟ್ಟುತ್ತದೆ. ಹಸಿಮೇವು ಹೆಚ್ಚಿ ಹಾಲು ಉಕ್ಕುವ ತಿಂಗಳುಗಳಲ್ಲಿ ಮಿಕ್ಕದ್ದನ್ನು ಹಾಲು ಒಕ್ಕೂಟದವರು ಪುಡಿ ಮಾಡುತ್ತಾರೆ. ಪುಡಿಯ ದರ ಬಿದ್ದರೆ ಡೇರಿಯಲ್ಲಿ ನಿನ್ನ ಲೀಟರಿನ ದರವೂ ಅಲ್ಲಾಡುತ್ತದೆ. ಹಿಂಡಿ, ಬೂಸಾದ ದರ ಮಾತ್ರ ಇಳಿಯುವುದಿಲ್ಲ. ಸಣ್ಣ ರೈತ ಸೋಲುವುದು ಈ ಎರಡರ ನಡುವೆ. ಆ ಪ್ರೋಟೀನಿನ ತೊಟ್ಟಿ ಇರದಿದ್ದರೂ ಸೋಲುತ್ತಾನೆ.

ಅದಕ್ಕೇ ನನ್ನ ಮಾತು: ಹಸುವಿಗಿಂತ ಮೊದಲು ಮೇವು ಕಟ್ಟು. ಅರ್ಧ ಎಕರೆಗೆ ಸೀಮೆಹುಲ್ಲು, ಬದುವಿನಲ್ಲಿ ಕುದುರೆಮೆಂತ್ಯ, ಬೇಸಿಗೆಗೆ ಜೋಳದ ರಸಮೇವು ಇರಲಿ. ಲೀಟರಿನ ಲೆಕ್ಕಕ್ಕೆ ಮರುಳಾಗಬೇಡ. ಹಾಲಿನಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನಿಲ್ಲುವ ಹಸು ನೋಡು. ನಮ್ಮ ರಾಜ್ಯದ 2020ರ ಕಾಯ್ದೆಯಂತೆ ಹಸು, ಎತ್ತು, ಕರು ಯಾವುದನ್ನೂ ಕಸಾಯಿಗೆ ಕೊಡುವಂತಿಲ್ಲ. ಹುಟ್ಟಿದ ಗಂಡುಕರುವಿನ, ಬತ್ತಿದ ಹಸುವಿನ ಖರ್ಚು ನಿನ್ನ ತಲೆಯ ಮೇಲೆಯೇ. ಹೆಣ್ಣುಕರುವೇ ಹೆಚ್ಚಾಗಿ ಹುಟ್ಟುವಂಥ ವೀರ್ಯನಳಿಕೆ ಈಗ ಸಿಗುತ್ತದೆ, ಪಶುವೈದ್ಯರನ್ನು ಕೇಳು. ಇನ್ನು ಸಗಣಿ! ಯಾವ ತೊಟ್ಟಿಯೂ ಅದನ್ನು ಹಾಕುವುದಿಲ್ಲ. ತೆಂಗಿಗೂ ರಾಗಿಗೂ ಸುರಿದು ಯೂರಿಯಾ ಎಷ್ಟು ಉಳಿಯಿತೆಂದು ಪುಸ್ತಕದಲ್ಲಿ ಬರೆದಿಡು. ಅದೂ ಹಾಲಿನ ಆದಾಯವೇ.

ಸಾಲದ ಅರ್ಜಿಯಲ್ಲಿ ಹತ್ತು ಇದ್ದದ್ದನ್ನು ನಾಲ್ಕು ಮಾಡು. ಕೊಂಡ ಮೇವಿಲ್ಲದೆ ಆ ನಾಲ್ಕು ಒಂದು ಬೇಸಿಗೆ ದಾಟಿದರೆ ಐದನೆಯದನ್ನು ತಾ.

ಇತಿ,
ನಿನ್ನ ದೊಡ್ಡಪ್ಪ