ಗಡ್ಡೆಯೋ, ಉಪಗುಲ್ಮವೋ?

ಕ್ಷ-ಕಿರಣದ ಚಿತ್ರವೆಂದರೆ ಒಂದು ನೆರಳು. ದಾರಿಯಲ್ಲಿದ್ದ ವಸ್ತು ಕಿರಣಗಳನ್ನು ಎಷ್ಟರಮಟ್ಟಿಗೆ ಹೀರಿತೆಂಬುದನ್ನಷ್ಟೇ ಅದು ತಿಳಿಸಬಲ್ಲುದು. ಸಮಾನವಾಗಿ ಹೀರುವ ಎರಡು ವಸ್ತುಗಳು ಅದಕ್ಕೆ ಒಂದೇ. ಇದರಿಂದ ಶಸ್ತ್ರವೈದ್ಯನಿಗೆ ಒದಗುವ ತೊಡಕೊಂದನ್ನು ನಾವೀಗ ನೋಡೋಣ.

ಮೇದೋಜೀರಕ ಗ್ರಂಥಿಯ ಬಾಲವು ಹೊಟ್ಟೆಯ ಎಡಭಾಗದಲ್ಲಿ ಗುಲ್ಮದ ಸಮೀಪಕ್ಕೆ ಚಾಚಿಕೊಂಡಿದೆ. ಆ ಬಾಲದಲ್ಲಿ ನರ-ಅಂತಃಸ್ರಾವಕ ಗಡ್ಡೆಯೆಂಬ ಅಪರೂಪದ ಗಡ್ಡೆ ಬೆಳೆಯುವುದುಂಟು. ಭ್ರೂಣಾವಸ್ಥೆಯಲ್ಲಿ ಮುಖ್ಯ ಗುಲ್ಮದೊಡನೆ ಕೂಡಿಕೊಳ್ಳದೆ ಉಳಿದ ಗುಲ್ಮದ ತುಣುಕು ಅಲ್ಲಿಯೇ ಹುದುಗಿರುವುದೂ ಉಂಟು. ಇದನ್ನು ಉಪಗುಲ್ಮವೆನ್ನೋಣ; ಇದರಿಂದ ಸಾಮಾನ್ಯವಾಗಿ ಯಾವ ಬಾಧೆಯೂ ಇಲ್ಲ. ಎರಡೂ ದುಂಡಗಿನ ಸಣ್ಣ ಗಂಟುಗಳು. ಎರಡರಲ್ಲಿಯೂ ರಕ್ತನಾಳಗಳು ವಿಪುಲ. ಸಿ.ಟಿ. ಚಿತ್ರಕ್ಕಾಗಿ ರಕ್ತಕ್ಕೆ ಸೇರಿಸುವ ಸಂಯುಕ್ತದಲ್ಲಿ ಅಯೊಡೀನು ಇರುತ್ತದೆ. ಅದರ ಪರಮಾಣು ಸಂಖ್ಯೆ 53 ಆದುದರಿಂದ ಅದು ಕ್ಷ-ಕಿರಣಗಳನ್ನು ಚೆನ್ನಾಗಿ ಹೀರುತ್ತದೆ. ರಕ್ತ ಹೆಚ್ಚಿದ್ದಲ್ಲಿ ಚಿತ್ರದ ಹೊಳಪೂ ಹೆಚ್ಚು. ಹೀಗೆ ಎರಡೂ ಒಂದೇ ಬಗೆಯಾಗಿ ಬೆಳಗುತ್ತವೆ. ಗಡ್ಡೆಯೆಂದು ಗ್ರಂಥಿಯ ಬಾಲವನ್ನೇ ಕತ್ತರಿಸಿ ತೆಗೆದ ಮೇಲೆ ಸೂಕ್ಷ್ಮದರ್ಶಕದಡಿಯಲ್ಲಿ ನಿರಪರಾಧಿಯಾದ ಗುಲ್ಮವು ಕಂಡುಬಂದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಹಲವು ವರದಿಯಾಗಿವೆ.

ನೆರಳು ಉತ್ತರ ಕೊಡದಿದ್ದಾಗ ರೂಪವನ್ನು ಬಿಟ್ಟು ಕೆಲಸವನ್ನು ವಿಚಾರಿಸಬೇಕು. ಜೀರ್ಣವಾದ ಕೆಂಪು ರಕ್ತಕಣಗಳನ್ನು ಹಿಡಿದಿಡುವುದು ಗುಲ್ಮದ ಕೆಲಸಗಳಲ್ಲೊಂದು. ರೋಗಿಯ ರಕ್ತವನ್ನು ಸ್ವಲ್ಪ ತೆಗೆದು, ಅದರ ಕೆಂಪು ಕಣಗಳಿಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣಪಟು ಧಾತುವನ್ನು ಸೇರಿಸಿ, ಸುಮಾರು 49.5 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕೆಲವು ನಿಮಿಷ ಕಾಯಿಸಿ ಘಾಸಿಗೊಳಿಸಿ, ಮರಳಿ ರಕ್ತನಾಳಕ್ಕೆ ಬಿಡುತ್ತಾರೆ. (ಮಾನವನು ಕೃತಕವಾಗಿ ಪಡೆದ ಮೊದಲ ಧಾತು ಈ ಟೆಕ್ನೀಷಿಯಮೇ, ಅದನ್ನು ಕಂಡುಕೊಂಡುದು 1937ರಲ್ಲಿ.) ಘಾಸಿಗೊಂಡ ಕಣಗಳನ್ನು ಗುಲ್ಮವೂ ಉಪಗುಲ್ಮವೂ ಹಿಡಿಯುತ್ತವೆ, ಗಡ್ಡೆ ಹಿಡಿಯದು. ಅಲ್ಲಿಂದ ಹೊರಡುವ 140 ಕಿಲೊ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣಗಳು ಹೊರಗಿನ ಕ್ಯಾಮೆರಾಕ್ಕೆ ಸ್ಥಳವನ್ನು ತೋರಿಸಿಕೊಡುತ್ತವೆ. ಅರ್ಧಾಯು 6 ಗಂಟೆಯಷ್ಟೇ ಆದುದರಿಂದ ವಿಕಿರಣವು ದೇಹದಲ್ಲಿ ಬಹುಕಾಲ ಉಳಿಯದು.

ಗಡ್ಡೆಯನ್ನೇ ನೇರವಾಗಿ ಹುಡುಕಬಾರದೇಕೆಂದು ವಾಚಕರು ಕೇಳಬಹುದು. ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನನ್ನು ಹೋಲುವ ಅಣುವಿಗೆ ಗ್ಯಾಲಿಯಂ-68ನ್ನು ಕಟ್ಟಿ ಕಳುಹಿಸಿದರೆ ಈ ಜಾತಿಯ ಗಡ್ಡೆಗಳು ಸಾಮಾನ್ಯವಾಗಿ ಅದನ್ನು ಹಿಡಿಯುತ್ತವೆ. ಆದರೆ ಗುಲ್ಮವೂ ಅದನ್ನು ಹಿಡಿಯುತ್ತದೆ! ನಮ್ಮ ಪ್ರಶ್ನೆಗೆ ಆ ಬೆಳಕು ಸಾಕ್ಷಿಯಾಗಲಾರದು.

ಕೆಂಪುಕಣಗಳ ಪರೀಕ್ಷೆಗೂ ಮಿತಿಯುಂಟು. ಗಾಮಾ ಕ್ಯಾಮೆರಾದ ಸೂಕ್ಷ್ಮತೆ ಸುಮಾರು ಒಂದು ಸೆಂಟಿಮೀಟರ್. ಪಕ್ಕದ ದೊಡ್ಡ ಗುಲ್ಮದ ಪ್ರಭೆಯಲ್ಲಿ ಪುಟ್ಟ ಉಪಗುಲ್ಮ ಮುಳುಗಿಹೋಗಬಹುದು. ಆದುದರಿಂದ ಬೆಳಗದಿದ್ದುದೆಲ್ಲ ಗಡ್ಡೆಯಲ್ಲ. ಅಂಥಲ್ಲಿ ಎಂ.ಆರ್.ಐ. ಚಿತ್ರಗಳನ್ನು ಬಗೆಬಗೆಯಾಗಿ ತೆಗೆದು, ಗಂಟಿನ ಛಾಯೆಯನ್ನು ಅದೇ ಚಿತ್ರದಲ್ಲಿರುವ ರೋಗಿಯ ಗುಲ್ಮದೊಡನೆ ಹೋಲಿಸುತ್ತಾರೆ. ಎಲ್ಲ ಬಗೆಯಲ್ಲಿಯೂ ಎರಡರ ಛಾಯೆ ಒಂದೇ ಆಗಿದ್ದರೆ ಅದು ಗುಲ್ಮವೆಂಬ ನಂಬಿಕೆ ಬಲವಾಗುತ್ತದೆ. ಆಗಲೂ ಸಂಶಯ ಉಳಿದರೆ, ಸೂಜಿಯಿಂದ ಕೋಶಗಳನ್ನು ತೆಗೆದು ನೋಡುವುದುಂಟು.