ಸೆಲ್ಫ್ ಒತ್ತುವ ಮುನ್ನ ನ್ಯೂಟ್ರಲ್

ಹೊಸದಾಗಿ ಗೇರ್ ಬೈಕ್ ಹತ್ತಿದ ಮಕ್ಕಳೇ, ರಾತ್ರಿ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಕ್ಲಚ್ ಹಿಡಿದು ಹಾಗೇ ಸೆಲ್ಫ್ ಒತ್ತುವ ಅಭ್ಯಾಸ ನಿಮ್ಮಲ್ಲಿ ಹಲವರಿಗಿದೆ. ಇಳಿಜಾರಿನಲ್ಲಿ ಗೇರು ಹಾಕಿ ನಿಲ್ಲಿಸುವುದು ಒಳ್ಳೆಯದೇ. ಗೇರಿನಲ್ಲೇ ಸ್ಟಾರ್ಟ್ ಮಾಡುವುದು ಮಾತ್ರ ಬೇಡ. ಕ್ಲಚ್ ಹಿಡಿದಿದ್ದೇನಲ್ಲ ಎಂಬ ಧೈರ್ಯವನ್ನೂ ನಂಬಬೇಡಿ.

ನಮ್ಮ ಹೆಚ್ಚಿನ ಬೈಕುಗಳ ಕ್ಲಚ್ ಎಂಜಿನ್ ಆಯಿಲಿನಲ್ಲೇ ನೆನೆಯುತ್ತಿರುತ್ತದೆ. ಲೈನಿಂಗ್ ಅಂಟಿಸಿದ ಪ್ಲೇಟು, ಬರಿ ಉಕ್ಕಿನ ಪ್ಲೇಟು, ಹೀಗೆ ಒಂದಾದ ಮೇಲೊಂದು. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಲಿವರ್ ಹಿಡಿದಾಗ ಆ ಒತ್ತಡ ಹೋಗುತ್ತದೆ, ಅಷ್ಟೇ. ಪ್ಲೇಟುಗಳು ತಾವಾಗಿ ಬಿಟ್ಟುಕೊಳ್ಳಬೇಕು. ತೊಳೆದು ಒದ್ದೆಯಲ್ಲೇ ಪೇರಿಸಿಟ್ಟ ಸ್ಟೀಲ್ ತಟ್ಟೆಗಳ ಹಾಗೆ, ರಾತ್ರಿಯಿಡೀ ನಿಂತ ಗಾಡಿಯ ಪ್ಲೇಟುಗಳು ಆಯಿಲಿನಲ್ಲಿ ಕಚ್ಚಿಕೊಂಡಿರುತ್ತವೆ. ಮಡಿಕೇರಿ, ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಆಯಿಲ್ ಇನ್ನಷ್ಟು ಗಟ್ಟಿ. ಆಗ ಸೆಲ್ಫ್ ಒತ್ತಿದರೆ ಮೋಟಾರು ಎಂಜಿನ್ನಿನ ಜೊತೆಗೆ ಹಿಂದಿನ ಚಕ್ರವನ್ನೂ ತಿರುಗಿಸಲು ಹೆಣಗುತ್ತದೆ. ಬ್ಯಾಟರಿಗೆ ಹೊರೆ, ಗಾಡಿ ಗಕ್ಕನೆ ಮುಂದಕ್ಕೆ ನೆಗೆಯಲೂಬಹುದು. ಪಕ್ಕದಲ್ಲಿ ನಿಂತು ಒತ್ತಿದವರ ಕಾಲಿಗೋ ಮುಂದೆ ಆಡುತ್ತಿರುವ ಮಗುವಿಗೋ ಪೆಟ್ಟಾದರೆ ಏನು ಮಾಡುತ್ತೀರಿ?

ಹೀಗೆ ಮಾಡಿ. ಗಾಡಿಯ ಮೇಲೆ ಕೂತು, ಎಂಜಿನ್ ಆಫ್ ಇರುವಾಗಲೇ, ಕ್ಲಚ್ ಪೂರ್ತಿ ಹಿಡಿದು, ಗೇರಿನಲ್ಲೇ ಹಿಂದಕ್ಕೂ ಮುಂದಕ್ಕೂ ನೂಕಿ. ಮೊದಲು ಬಿಗಿ ಇದ್ದದ್ದು ಸಡಿಲವಾದರೆ ಪ್ಲೇಟು ಬಿಟ್ಟಿತು ಎಂದರ್ಥ. ಆಮೇಲೆ ನ್ಯೂಟ್ರಲ್ ಮಾಡಿ. ಹಸಿರು ದೀಪವೊಂದನ್ನೇ ನಂಬದೆ, ಕ್ಲಚ್ ಬಿಟ್ಟು ಕಾಲಿನಿಂದ ನೂಕಿ ಖಾತ್ರಿ ಮಾಡಿಕೊಂಡು, ಮತ್ತೆ ಕ್ಲಚ್ ಹಿಡಿದು ಸೆಲ್ಫ್ ಒತ್ತಿ. ಎಂಜಿನ್ ಅರ್ಧ ನಿಮಿಷ ಓಡಲಿ. ನಂತರ ಫಸ್ಟ್ ಹಾಕಿ. ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಆದಾಗ ಗಾಡಿ ಬಿಸಿಯಾಗಿರುತ್ತದೆ, ಕ್ಲಚ್ ಹಿಡಿದು ಗೇರಿನಲ್ಲೇ ಸ್ಟಾರ್ಟ್ ಮಾಡಿದರೂ ಅಷ್ಟು ತೊಂದರೆಯಿಲ್ಲ. ಆದರೂ ಬ್ರೇಕ್ ಬಿಡಬೇಡಿ.

ಎಂಜಿನ್ ಬಿಸಿಯಾದ ಮೇಲೂ ಕ್ಲಚ್ ಹಿಡಿದಿರುವಾಗಲೇ ಗಾಡಿ ಮುಂದಕ್ಕೆ ತೆವಳುತ್ತಿದ್ದರೆ, ನಿಂತಲ್ಲಿ ನ್ಯೂಟ್ರಲ್ ಸಿಗದೆ ಒದ್ದಾಡಿಸಿದರೆ, ಅದು ಚಳಿಯ ದೋಷವಲ್ಲ. ಮೊದಲು ಕೇಬಲ್ ನೋಡಿ. ಲಿವರಿನ ತುದಿಯಲ್ಲಿ ಅನೇಕ ಬೈಕುಗಳಿಗೆ 10ರಿಂದ 20 ಮಿ.ಮೀ. ಆಟ (ಫ್ರೀ ಪ್ಲೇ) ಸಾಕು, ನಿಮ್ಮ ಗಾಡಿಯ ಲೆಕ್ಕ ಅದರ ಕೈಪಿಡಿಯಲ್ಲಿದೆ. ಆಟ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಆಟವೇ ಇಲ್ಲದಿದ್ದರೆ ಜಾರುತ್ತದೆ. ಆಯಿಲೂ ಕೈಪಿಡಿ ಹೇಳಿದ ಗ್ರೇಡಿನದೇ ಇರಲಿ; ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಗುರುತು ನೋಡಿ ಕೊಳ್ಳಿ. ದಪ್ಪ ಆಯಿಲ್ ಹಾಕಿದರೆ ಎಂಜಿನ್ನಿಗೆ ಒಳ್ಳೆಯದು ಎಂಬ ಮಾತಿಗೆ ಕಿವಿಗೊಡಬೇಡಿ, ಅದರಿಂದ ಪ್ಲೇಟುಗಳು ಇನ್ನಷ್ಟು ಕಚ್ಚುತ್ತವೆ. ಇಷ್ಟಾದರೂ ಸರಿಹೋಗದಿದ್ದರೆ ಪ್ಲೇಟು ಬಾಗಿರಬಹುದು, ಪ್ಲೇಟುಗಳು ಕೂರುವ ಕ್ಲಚ್ ಬ್ಯಾಸ್ಕೆಟ್ಟಿನ ಅಂಚುಗಳಲ್ಲಿ ಗೀರು ಬಿದ್ದಿರಬಹುದು. ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ ನೋಡಿಸಿ. ಗೇರನ್ನು ಒದ್ದು ಒದ್ದು ಹಾಕುತ್ತ ದಿನ ದೂಡಬೇಡಿ.

ಅವಸರದ ಬೆಳಗಿನಲ್ಲೂ ಪ್ಲೇಟು ಬಿಡಿಸಿ ನ್ಯೂಟ್ರಲ್ ಮಾಡಲು ಒಂದು ನಿಮಿಷ ಕೊಡಿ, ಮಕ್ಕಳೇ. ತಮ್ಮನಿಗೋ ತಂಗಿಗೋ ಗಾಡಿ ಕಲಿಸುವ ದಿನ ಬಂದಾಗ, ಆಕ್ಸಿಲರೇಟರಿಗಿಂತ ಮೊದಲು ನ್ಯೂಟ್ರಲ್ ಕಲಿಸಿ.