ಹೊಗೆಯಿಲ್ಲದ ಶಕ್ತಿ

ಕಲ್ಲಿದ್ದಲು, ಮಣ್ಣೆಣ್ಣೆ ಮೊದಲಾದವುಗಳನ್ನು ಸುಟ್ಟಾಗ ಹುಟ್ಟುವ ಇಂಗಾಲಾಮ್ಲ ವಾಯುವು ಭೂಮಂಡಲದ ಶಾಖವನ್ನು ಹೆಚ್ಚಿಸುತ್ತಿರುವದೆಂದು ಪಾಠದಲ್ಲಿ ಓದಿದ ನಮ್ಮ ವಿದ್ಯಾರ್ಥಿನಿಯರು, “ಹಾಗಾದರೆ ಸುಡುವದನ್ನು ಬಿಟ್ಟುಬಿಡಬಾರದೇ?” ಎಂದು ಕೇಳುವದುಂಟು. ಜನಸಮಾಜವೊಂದು ಹಳೆಯ ಶಕ್ತಿಯನ್ನು ಬಿಟ್ಟು ಹೊಸದನ್ನು ಹಿಡಿಯುವ ಬಗೆ ಹೇಗೆಂಬದನ್ನು ನಮ್ಮ ನಾಡಿನ ಚರಿತ್ರೆಯಿಂದಲೇ ವಿಚಾರಿಸೋಣ.

1902ನೆಯ ಇಸವಿ ಜೂನ್ ತಿಂಗಳಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದುಂಟಾದ ವಿದ್ಯುಚ್ಛಕ್ತಿಯು ಸುಮಾರು 92 ಮೈಲು ದೂರ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದುವರೆಗೆ ಅಲ್ಲಿಯ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಆಗ ವಾಯುಮಂಡಲದ ಮೇಲಣ ಕನಿಕರದಿಂದ ಯಾರೂ ಜಲಶಕ್ತಿಯನ್ನು ಆರಿಸಲಿಲ್ಲ. ದೂರದಿಂದ ತರಿಸುವ ಕಲ್ಲಿದ್ದಲಿನ ವೆಚ್ಚ ಬಹಳವಾಗಿತ್ತು. ವಿದ್ಯುತ್ತನ್ನು ಕೊಳ್ಳುವೆವೆಂದು ಗಣಿಯವರು ಮುಂಚಿತವಾಗಿ ಒಪ್ಪಿದರು. ಮೈಸೂರು ಸರಕಾರವು ಧೈರ್ಯದಿಂದ ಹಣ ಹೂಡಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದಿತು. ಗಣಿಗೆ ಮೊದಲು, ಪಟ್ಟಣಕ್ಕೆ ಆಮೇಲೆ. ಮಲೆನಾಡಿನ ಒಂಟಿಮನೆಗಾದರೋ ಎಲ್ಲರಿಗಿಂತ ಕಡೆಗೆ.

ಸಕಲೇಶಪುರ ಆಲೂರುಗಳ ಗುಡ್ಡಗಳಲ್ಲಿ ಮನೆಗೂ ಮನೆಗೂ ನಡುವೆ ಕಾಫಿತೋಟವೋ ಕಾಡೋ ಇರುವದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ. ಆದಕಾರಣ ಮಲೆನಾಡಿನ ಕೆಲವರು ಹಿತ್ತಲ ಹಳ್ಳಕ್ಕೇ ಕೊಳವೆಯಿಟ್ಟು ಪುಟ್ಟ ಟರ್ಬೈನನ್ನು ತಿರುಗಿಸಿಕೊಂಡಿದ್ದಾರೆ. ಇದರ ಲೆಕ್ಕ ಸುಲಭ. ಸೆಕೆಂಡಿಗೆ 10 ಲೀಟರು ನೀರು 20 ಮೀಟರು ಕೆಳಗಿಳಿದರೆ 10 × 20 × 9.8, ಅಂದರೆ 1,960 ವಾಟ್. ಕೊಳವೆಯಲ್ಲಿಯೂ ಯಂತ್ರದಲ್ಲಿಯೂ ಅರ್ಧ ನಷ್ಟವಾದರೂ 9 ವಾಟಿನ ನೂರು ದೀಪಗಳು ಉರಿಯುವವು. ನೀರು ತಿರುಗಿ ಹಳ್ಳಕ್ಕೇ ಸೇರುವದು. ಬೇಸಿಗೆಯಲ್ಲಿ ಹಳ್ಳ ಬಡವಾಗುವದು ನಿಜ. ಆದರೆ ಮೋಡವು ಸೂರ್ಯನನ್ನು ಮುಚ್ಚುವ ಆಷಾಢದಲ್ಲಿ ಹಳ್ಳ ತುಂಬಿರುವದು, ಹಳ್ಳ ಒಣಗುವ ಕಾಲದಲ್ಲಿ ಬಿಸಿಲು ಪ್ರಖರವಾಗಿರುವದು. ಮಾಡಿನ ಮೇಲಣ ಸೌರಫಲಕಕ್ಕೂ ಹಳ್ಳಕ್ಕೂ ಈ ಸೀಮೆಯಲ್ಲಿ ಒಳ್ಳೇ ಜೊತೆ.

ಅಡಿಗೆಮನೆಯ ಮಾತು ಬೇರೆ. ಬೆಂಗಳೂರಿನ ವಿಜ್ಞಾನಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಿಂದ ಆರಂಭವಾದ ‘ಅಸ್ತ್ರ’ ಕೇಂದ್ರವು ಕಡಿಮೆ ಸೌದೆಯಲ್ಲಿ ಬೇಯಿಸಿ ಹೊಗೆಯನ್ನು ಕೊಳವೆಯಿಂದ ಹೊರಗಟ್ಟುವ ಒಲೆಯನ್ನು ರೂಪಿಸಿತು. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಹಿಂದಿರುಗುವದು. ಇದನ್ನು ಮನೆಯ ಯಜಮಾನನಿಗೆ ಹೇಳಿದರೆ ಸಾಲದು. ಒಲೆಯ ಮುಂದೆ ಕೂಡುವವಳಿಗೆ ತೋರಿಸಬೇಕು. ಒಳ್ಳೇ ಉಪಕರಣಗಳು ಮೂಲೆ ಸೇರುವದಕ್ಕೆ ಇಂಥ ಅಲಕ್ಷ್ಯವೇ ಮುಖ್ಯ ಕಾರಣವೆಂದು ನಾವು ಎಣಿಸುತ್ತೇವೆ.

ಹೊಗೆಯಿಲ್ಲದ ಶಕ್ತಿಯೆಲ್ಲವೂ ನಿರಪಾಯವೆಂದು ತಿಳಿಯಲಾಗದು. ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ, ಬೆಟ್ಟಕುಮರಿಗಳ ನೀರನ್ನು ಕೂಡಿಸಿ ಮೊದಲ ಹಂತದಲ್ಲಿ 200 ಮೆಗಾವಾಟ್ ಪಡೆಯಬೇಕೆಂದು ಗುಂಡ್ಯ ಯೋಜನೆಯು ಏರ್ಪಟ್ಟಿತ್ತು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮ ಘಟ್ಟಗಳ ಸಮಿತಿಯು, ಇದಕ್ಕೆ ಅನುಮತಿ ಕೊಡಬಾರದೆಂದು 2011ರಲ್ಲಿ ಅಭಿಪ್ರಾಯವಿತ್ತಿತು. ಮುಳುಗುವ ಕಾಡೂ ಇಂಗಾಲವನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿರುವದು, ಮಳೆನೀರನ್ನು ತಡೆದು ಹೊಳೆಗಳನ್ನು ಪೋಷಿಸುವದು. ಅದನ್ನು ಮೆಗಾವಾಟುಗಳ ಎದುರು ತಕ್ಕಡಿಯಲ್ಲಿ ಇಡದ ಲೆಕ್ಕವು ಅರ್ಧಲೆಕ್ಕವೇ ಸರಿ. ಅದೇ ಎತ್ತಿನಹೊಳೆಯ ನೀರನ್ನು ಮೂಡಣ ಬಯಲು ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತವು 2024ನೆಯ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಆ ನೀರನ್ನು ಗುಡ್ಡ ಹತ್ತಿಸುವದಕ್ಕೂ ವಿದ್ಯುಚ್ಛಕ್ತಿಯೇ ಬೇಕು.